ಮುಳ್ಳು ಮಾತ್ರ ಏಳುತ್ತಿತ್ತು

ನಮ್ಮ ಮನೆಯಲ್ಲಿ ಬಹಳ ಕಾಲ ನಡೆದ ಜಗಳವೆಂದರೆ ತಣ್ಣಗಾದ ಚಹಾದ್ದು. ಶಿಗ್ಗಾಂವಿಯ ನಮ್ಮ ಮನೆಯ ಮಾಳಿಗೆಯ ಮೇಲೆ ನನ್ನದೊಂದು ಸಣ್ಣ ಕೋಣೆಯಿದೆ. ಕೋರ್ಟಿಗೆ ರಜೆಯಿದ್ದ ಮಧ್ಯಾಹ್ನ ನಾನಲ್ಲಿ ಬಾಗಿಲು ಹಾಕಿಕೊಂಡು ಕ್ಯಾಸೆಟ್ಟಿನ ಕೆಲಸಕ್ಕೆ ಕೂತರೆ, ನನ್ನ ಗಂಡ ಚಹಾ ಮಾಡಿ ತಂದು ಹೊಸ್ತಿಲಾಚೆ ಇಟ್ಟು ಹೋಗುತ್ತಿದ್ದರು. ನಾನು ಕೆಲಸ ಮುಗಿಸಿ ಬಾಗಿಲು ತೆಗೆಯುವ ಹೊತ್ತಿಗೆ ಅದರ ಮೇಲೆ ಕೆನೆ ಕಟ್ಟಿರುತ್ತಿತ್ತು.

"ತಂದಿಟ್ಟೀನಿ ಅಂತ ತಿಳಿಸಬಾರದೇನು?" ಎನ್ನುತ್ತಿದ್ದೆ.

"ತಿಳಿಸೀನಲ್ಲ" ಎನ್ನುತ್ತಿದ್ದರು ಅವರು.

ತಿಳಿಸಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ? ಸಾಕ್ಷಿ ಕಟ್ಟೆ ಹತ್ತಿದವರ ಬಾಯಿಂದ ಸುಳ್ಳು ಹೆಕ್ಕಿ ತೆಗೆದೇ ಅನ್ನ ತಿಂದ ವಕೀಲೆ ನಾನು. ಗಂಡನ ಇಷ್ಟು ಸಣ್ಣ ಸುಳ್ಳಿಗೆ ಪಾಟೀಸವಾಲು ಯಾಕೆ ಎಂದು ಬಿಟ್ಟುಬಿಡುತ್ತಿದ್ದೆ. ನಿವೃತ್ತರಾದ ಮೇಲೆ ಅವರೂ ಮಾತು ಬೆಳೆಸುವ ಚಟ ಬಿಟ್ಟಿದ್ದರು.

ಕ್ಯಾಸೆಟ್ಟಿನ ಕೆಲಸ ಎಂದರೆ ಏನೆಂದು ಹೇಳಬೇಕು, ಯಾಕೆಂದರೆ ಹೇಳಿದರೂ ನಮ್ಮ ಬೀಗರಿಗೆ ಇವತ್ತಿನವರೆಗೂ ತಿಳಿದಿಲ್ಲ. ನಾನು ಹಾಡುವವಳಲ್ಲ. ವೀಣೆ, ಪೇಟಿ ಯಾವುದೂ ಬರುವುದಿಲ್ಲ. ರೇಡಿಯೋದ ಎರಡು ಸ್ಟೇಷನ್ನುಗಳ ನಡುವಿನ ಗುರ್ರೆನ್ನುವ ಸದ್ದು, ಟ್ರಾನ್ಸಿಸ್ಟರಿನ ಹತ್ತಿರ ಕ್ಯಾಲ್ಕ್ಯುಲೇಟರ್ ಹಿಡಿದಾಗ ಹೊರಡುವ ಕಿರಿಕಿರಿ, ಮಕ್ಕಳ ಆಟದ ಕೀಬೋರ್ಡಿನ ಸೆಲ್ಲು ಸಾಯುವಾಗ ಅದು ತೆಗೆಯುವ ಗೋಳು, ಇಂಥವನ್ನು ಮನೆಯಲ್ಲೇ ಕೂತು ಕ್ಯಾಸೆಟ್ಟಿಗೆ ಹಿಡಿಯುತ್ತೇನೆ. ಅಂಗಡಿಯಲ್ಲಿ ಮಾರಲು ಅಲ್ಲ, ಫೋನಿನಲ್ಲಿ ಹಾಕಲು ಅಲ್ಲ. ಹೀಗೆ ಮಾಡುವವರು ಲೋಕದಲ್ಲಿ ಅಲ್ಲಲ್ಲಿ ಚೆಲ್ಲಿಕೊಂಡಿದ್ದಾರೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೇಳುತ್ತಾರೆ. ಅಷ್ಟೇ ಇದರ ವ್ಯವಹಾರ.

ನನಗೆ ಈ ಹುಚ್ಚು ಹತ್ತಿದ್ದು ಸವಣೂರಿನಲ್ಲಿ, ಅಪ್ಪನ ದೆಸೆಯಿಂದ. ಅಪ್ಪ ಸಂಸ್ಕೃತದ ಮಾಸ್ತರು. ಮಠದಲ್ಲಿ ಪ್ರವಚನ ನಡೆದರೆ ತಪ್ಪದೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಮಂಗಳ ಮುಗಿದ ಮೇಲೆ ಅದನ್ನು ಬಂದ್ ಮಾಡಲು ಮರೆಯುತ್ತಿದ್ದರು. ಹಾಗಾಗಿ ಪ್ರತಿ ಕ್ಯಾಸೆಟ್ಟಿನ ಕೊನೆಯಲ್ಲೂ ಪ್ರವಚನವಲ್ಲದ ಒಂದಿಷ್ಟು ಉಳಿದಿರುತ್ತಿತ್ತು: ಜಮಖಾನೆ ಸುತ್ತುವ ಸದ್ದು, ತೀರ್ಥದ ಉದ್ಧರಣೆ ಬಟ್ಟಲಿಗೆ ತಾಗಿದ್ದು, ಯಾರೂ ಮಾತಾಡದ ಮೈಕಿನ ಗುಂಯ್. ಮನೆಯವರೆಲ್ಲ ಪ್ರವಚನ ಕೇಳಿ ಎದ್ದು ಹೋದ ಮೇಲೆ ನಾನು ಅದನ್ನು ಕೇಳಲು ಕೂರುತ್ತಿದ್ದೆ. ದೊಡ್ಡವರು ಎದ್ದು ಹೋದ ಜಾಗದಲ್ಲಿ ಏನು ಉಳಿಯುತ್ತದೆ ಎಂದು ಕೇಳುವ ಆಸೆ. ಆ ಆಸೆ ಮುಂದೆ ಮದುವೆ, ಮಕ್ಕಳು, ವಕಾಲತ್ತು ಯಾವುದರಿಂದಲೂ ತೀರಲಿಲ್ಲ.

ನನ್ನಂಥವರು ಇಲ್ಲೇ ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆಂದು ಗೊತ್ತಾದದ್ದು ಟೇಪ್ ಕೆಟ್ಟಿದ್ದರಿಂದ. ಸವಣೂರಿನಲ್ಲಿ ಟಿವಿ, ರೇಡಿಯೋ ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರು ರಿಪೇರಿ ಮುಗಿಸಿ, ಪರೀಕ್ಷೆಗೆಂದು ನನ್ನದೇ ಒಂದು ಕ್ಯಾಸೆಟ್ ಹಾಕಿದರು. ಬೇರೆ ಯಾರಾದರೂ ಆಗಿದ್ದರೆ "ಇದೂ ಕೆಟ್ಟೈತ್ರಿ" ಎನ್ನುತ್ತಿದ್ದರು. ಅವರು ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದು ಕೊನೆಯವರೆಗೂ ಕೇಳಿದರು. ಆಮೇಲೆ ಡ್ರಾವರಿನಿಂದ ತಮ್ಮದೊಂದು ತೆಗೆದರು. ಹಳೆಯ ಕಾಲಿಂಗ್ ಬೆಲ್ಲುಗಳ ಒಳಭಾಗ ಬಿಚ್ಚಿ, ತಂತಿ ಅಡ್ಡಾದಿಡ್ಡಿ ಕಟ್ಟಿ, ಅವುಗಳಿಂದ ಹೊರಡಿಸಿದ ಸದ್ದುಗಳು. ಅವನ್ನು ಕೇಳುತ್ತಾ ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ನನ್ನೊಬ್ಬಳದೇ ಎಂದುಕೊಂಡಿದ್ದ ಭಾಷೆಯಲ್ಲಿ ಯಾರೋ ಉತ್ತರ ಕೊಟ್ಟಂತಾಯಿತು.

ಅವರ ಮೂಲಕ ಅಬಲೂರಿನ ರೈತರೊಬ್ಬರು ಸಿಕ್ಕರು. ಅರವತ್ತು ದಾಟಿದವರು, ನಿಧಾನದ ಮನುಷ್ಯ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಗುಂಯ್‌ಗುಡುವುದನ್ನು ಬೇರೆ ಬೇರೆ ವೋಲ್ಟೇಜಿನಲ್ಲಿ ಹಿಡಿದು ಇಟ್ಟಿದ್ದರು. ಹಾನಗಲ್ಲಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಹುಡುಗಿಯೊಬ್ಬಳು ಕೊನೆಗೆ ಸೇರಿದಳು. ಅವಳ ವಾದ್ಯ ಝೆರಾಕ್ಸ್ ಯಂತ್ರವೇ. ನಾವು ಒಬ್ಬರನ್ನೊಬ್ಬರು ಕರೆಯುವುದು ಊರ ಹೆಸರಿನಿಂದಲೇ: ಸವಣೂರಿನವರು, ಅಬಲೂರಿನವರು, ಹಾನಗಲ್ಲಿನಾಕಿ. ನಾನು ಎಲ್ಲರಿಗೂ ವಕೀಲರು.

ಹೊಸ ಕ್ಯಾಸೆಟ್ಟು ಈಗ ಎಲ್ಲಿ ಸಿಗಬೇಕು? ಜನರ ಅಟ್ಟದ ಮೇಲಿನ ಹಳೆಯ ಭಜನೆ, ಬಯಲಾಟ, ಮದುವೆಯ ಕ್ಯಾಸೆಟ್ಟುಗಳೇ ಗತಿ. ಟೇಪಿನಲ್ಲಿ ಹಳೆಯದನ್ನು ಅಳಿಸುವ ಒಂದು ತಲೆ ಇರುತ್ತದೆ. ಅದರ ಮುಂದೆ ಸಣ್ಣ ಕಾಗದದ ಚೂರು ಅಂಟಿಸಿದರೆ ಅದು ಅಳಿಸುವುದಿಲ್ಲ, ಹೊಸ ಸದ್ದು ಹಳೆಯದರ ಮೇಲೆ ಹೋಗಿ ಕೂರುತ್ತದೆ. ಹೀಗೆ ಒಂದೇ ಕ್ಯಾಸೆಟ್ ನಾಲ್ಕೂ ಊರು ಸುತ್ತುತ್ತಿತ್ತು. ಒಬ್ಬೊಬ್ಬರೂ ತಮ್ಮದೊಂದು ಪದರು ಹಾಕಿ, ಪರಿಚಯದ ಬಸ್ ಕಂಡಕ್ಟರ್ ಕೈಯಲ್ಲಿ ಮುಂದಿನ ಊರಿಗೆ ಕಳಿಸುವುದು. ಸವಣೂರಿನವರು ಅದನ್ನು ಖಾರದ ಪೊಟ್ಟಣದ ಜೊತೆ ಕಟ್ಟುತ್ತಿದ್ದರು. ಕ್ಯಾಸೆಟ್ಟಿಗೆ ಎಣ್ಣೆ ಹತ್ತಿರುತ್ತಿತ್ತು, ಬೈಯಲು ಬಾಯಿ ಬಿಟ್ಟರೆ ಬಾಯಲ್ಲಿ ಖಾರ ಇರುತ್ತಿತ್ತು.

ನಮ್ಮಲ್ಲಿ ಕಟ್ಟುಪಾಡು ಒಂದೇ. ಇನ್ನೊಬ್ಬರ ಸದ್ದನ್ನು ಯಾರೂ ತಪ್ಪು ಎನ್ನಬಾರದು. ಹಾಡಿಗಾದರೆ ಅಪಶ್ರುತಿ ಎಂದರೇನೆಂದು ಗೊತ್ತು, ತಾಳ ತಪ್ಪಿದರೆ ತಿಳಿಯುತ್ತದೆ. ನಮ್ಮ ಕೆಲಸದಲ್ಲಿ ಕೆಟ್ಟ ಮೋಟಾರೂ ಸಾಮಾನೇ, ಕಿತ್ತ ವಾಯರೂ ಸಾಮಾನೇ. ಅದಕ್ಕೇ ಯಾವುದು ಬೇಕೆಂದು ಹಾಕಿದ್ದು, ಯಾವುದು ತಾನಾಗಿ ಬಂದದ್ದು ಎಂದು ಕೇಳುವುದು ನಮಗೆ ಅಸಭ್ಯ. ಊಟಕ್ಕೆ ಕೂತವರಿಗೆ ಉಪ್ಪೆಷ್ಟು ಹಾಕಿದಿರಿ ಎಂದು ಯಾರಾದರೂ ಕೇಳುತ್ತಾರೆಯೇ? ಹಾಗೆ.

ಕೆಲವು ವರ್ಷಗಳ ಹಿಂದೆ ನನ್ನ ಸರದಿ ಬಂದಾಗ ನಾನೊಂದು ಹೊಸದು ಮಾಡಿದೆ. ಕಾಗದದ ಚೂರು ಕಿತ್ತು, ಕ್ಯಾಸೆಟ್ಟಿನ ಒಂದು ಮಗ್ಗುಲಿನಲ್ಲಿ ಇದ್ದುದನ್ನೆಲ್ಲ ಅಳಿಸಿದೆ. ಆಮೇಲೆ ಮೈಕು ಇಟ್ಟು ಕೋಣೆಯಲ್ಲಿ ಸುಮ್ಮನೆ ಕೂತೆ. ಏನೂ ಮಾಡಲಿಲ್ಲ. ಎಲ್ಲರೂ ಎದ್ದು ಹೋದ ಜಾಗದ ಸದ್ದು ಎಂದು ಸಣ್ಣಂದಿನಲ್ಲಿ ಹುಡುಕುತ್ತಿದ್ದುದನ್ನು ನನ್ನ ವಯಸ್ಸಿನಲ್ಲಿ ನಾನೇ ಮಾಡಿದೆನೆಂದು ಹೆಮ್ಮೆಯಾಯಿತು. ತಿರುಗಿಸಿ ಕೇಳಿದೆ. ಎಂಥ ಶಾಂತಿ! ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳುವವರೆಲ್ಲ ಬಾಯಿಂದ ಹೇಳುತ್ತಾರೆ, ನಾನು ಕ್ಯಾಸೆಟ್ಟಿನಲ್ಲಿ ತೋರಿಸಿದೆ ಎಂದುಕೊಂಡೆ.

ಆ ಮಗ್ಗುಲು ಮೂರೂ ಊರು ಸುತ್ತಿ ನನ್ನ ಬಳಿಗೆ ಬಂದಾಗ ಅದರ ಮೇಲೆ ಯಾರೂ ಏನೂ ಹಾಕಿರಲಿಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅಲ್ಲಿಂದ ನಾನು ಹಾಗೆಯೇ ಮಾಡುತ್ತ ಹೋದೆ. ಒಂದೊಂದು ಸರದಿಗೂ ಒಂದೊಂದು ಖಾಲಿ ಮಧ್ಯಾಹ್ನ. ಹಾನಗಲ್ಲಿನಾಕಿ ಅವುಗಳಲ್ಲೊಂದನ್ನು ಯುರೋಪಿನ ಒಬ್ಬಾತನಿಗೆ ಕಳಿಸಿದಳು. ಮನೆಯಲ್ಲೇ ಕೂತು ಇಂಥ ಕ್ಯಾಸೆಟ್ಟುಗಳ ಪ್ರತಿ ತೆಗೆದು ಹಂಚುವವನು ಅವನು. ಅವನಿಗೆ ಬಹಳ ಹಿಡಿಸಿತಂತೆ, ಪ್ರತಿ ಮಾಡಿ ಹಂಚಿದನಂತೆ. ನಾನು ಬೀಗಿದೆ. ಸುಳ್ಳು ಯಾಕೆ ಹೇಳಲಿ, ತಾಲ್ಲೂಕು ಕೋರ್ಟಿನಲ್ಲಿ ಗೆದ್ದ ಯಾವ ದಾವೆಗೂ ನಾನು ಅಷ್ಟು ಬೀಗಿರಲಿಲ್ಲ.

ಇದೇ ಹೊತ್ತಿನಲ್ಲಿ ಕೋರ್ಟಿಗೆ ಹೊಸದಾಗಿ ಒಬ್ಬ ನ್ಯಾಯಾಧೀಶೆ ಬಂದರು. ಅವರು ಮಾತು ನುಂಗುತ್ತಾರೆ ಎಂದು ವಕೀಲರ ಕೋಣೆಯಲ್ಲಿ ನಾನು ದೂರಿದೆ. "ಇಲ್ರಿ, ಸ್ಪಷ್ಟ ಮಾತಾಡ್ತಾರಲ್ರಿ" ಎಂದರು ಉಳಿದವರು. ಹೊಗಳುಭಟರು ಎಂದುಕೊಂಡೆ. ಮನೆಯಲ್ಲಿ ಕುಕ್ಕರಿನ ಸೀಟಿ ಸರಿಯಾಗಿ ಹೊಡೆಯುತ್ತಿಲ್ಲವೆಂದು ಎರಡು ಸಲ ಬದಲಿಸಿದೆ. ಈ ಕಾಲದಲ್ಲಿ ಯಾವುದೂ ಗಟ್ಟಿ ಬರುವುದಿಲ್ಲ ಎಂದು ಅಂಗಡಿಯವನ ಮುಂದೆ ಭಾಷಣ ಬೇರೆ ಮಾಡಿದೆ.

ನಾವು ನಾಲ್ವರೂ ವರ್ಷಕ್ಕೊಮ್ಮೆ ಬಂಕಾಪುರದ ಕೋಟೆಯೊಳಗೆ ಸೇರುತ್ತೇವೆ. ಎಲ್ಲರಿಗೂ ಬಸ್ಸು ಸಲೀಸು, ನೆರಳಿದೆ, ನವಿಲುಗಳ ಹೊರತು ಯಾರೂ ಮಾತಾಡಿಸುವುದಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಸೇರಿದಾಗ ಸವಣೂರಿನವರು ಒಂದು ಹಳೆಯ ಟೇಪ್ ತಂದಿದ್ದರು. ಸೆಲ್ಲಿನ ಮೇಲೆ ನಡೆಯುವಂಥದ್ದು, ಮುಂದುಗಡೆ ಗಾಜಿನ ಸಣ್ಣ ಕಿಂಡಿ, ಅದರೊಳಗೆ ಸದ್ದು ಎಷ್ಟಿದೆ ಎಂದು ತೋರಿಸುವ ಮುಳ್ಳು. ರೊಟ್ಟಿ, ಶೇಂಗಾ ಚಟ್ನಿ ತಿಂದು ಕೈ ತೊಳೆದ ಮೇಲೆ ನನ್ನ ಇತ್ತೀಚಿನ ಖಾಲಿ ಮಗ್ಗುಲನ್ನು ಹಾಕಿದರು. ಎಲ್ಲರೂ ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಹಾನಗಲ್ಲಿನಾಕಿ ಕಣ್ಣು ತೆರೆದಳು.

"ವಕೀಲ್ರ, ಕೇಳಬಾರದು ಅಂತ ಗೊತ್ತೈತ್ರಿ. ಆದ್ರೂ ತಡಿಯಾಕಾಗವಲ್ದು. ಈ ಎಳಿ ಹೆಂಗ ಮಾಡ್ತೀರ್ರಿ?"

"ಯಾವ ಎಳಿ?"

"ಇದ, ಈಗ ಬರಾಕತ್ತೈತಲ್ರಿ."

"ನಾನೂ ಬೆಲ್ಲಿನ ಸಾಮಾನು ಏನೇನೋ ಕಟ್ಟಿ ನೋಡೇನ್ರಿ" ಎಂದರು ಸವಣೂರಿನವರು. "ಇಷ್ಟು ಸಣ್ಣಗ, ಇಷ್ಟು ಹೊತ್ತು, ನನಗ ಬರಲಿಲ್ರಿ."

ಅಬಲೂರಿನವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಮೊದಮೊದ್ಲ ಭಾಳ ತ್ರಾಸ ಆತ್ರಿ ನನಗ. ಕಿವ್ಯಾಗ ಸೂಜಿ ಹೊಕ್ಕಂಗ. ಆಮ್ಯಾಲ ಅದನ್ನ ಹಿಡಕೊಂಡು ಕುಂದರೂದು ಕಲ್ತೆ."

ನನಗೆ ಕೇಳುತ್ತಿದ್ದುದು ದೂರದ ಒಂದು ನವಿಲು ಮಾತ್ರ. ಇವರು ಸೇರಿಕೊಂಡು ನನ್ನನ್ನು ಚೇಷ್ಟೆ ಮಾಡುತ್ತಿದ್ದಾರೆಂದು ನಗಲು ಹೋದೆ. ಅಷ್ಟರಲ್ಲಿ ಟೇಪಿನ ಕಿಂಡಿಯ ಮೇಲೆ ಕಣ್ಣು ಬಿತ್ತು. ಮುಳ್ಳು ಎದ್ದು ನಿಂತಿತ್ತು. ಅರ್ಧದವರೆಗೆ ಎದ್ದು, ಅಲುಗದೆ ನಿಂತಿತ್ತು. ನಾನು ಕೈ ಚಾಚಿ ಬಂದ್ ಮಾಡಿದೆ, ಮುಳ್ಳು ಮಲಗಿತು. ಮತ್ತೆ ಹಾಕಿದೆ, ಎದ್ದಿತು. ಬಂದ್ ಮಾಡಿದಾಗ ಮೂವರ ಹುಬ್ಬು ಸಡಿಲವಾಗುವುದನ್ನೂ ಹಾಕಿದಾಗ ಬಿಗಿಯಾಗುವುದನ್ನೂ ನೋಡಿದೆ. ನನ್ನ ಕಿವಿಗೆ ಮಾತ್ರ ಎರಡಕ್ಕೂ ವ್ಯತ್ಯಾಸ ಇರಲಿಲ್ಲ.

"ನನಗೇನೂ ಕೇಳಸ್ತಾ ಇಲ್ಲ" ಎಂದೆ.

ಆಮೇಲೆ ಒಂದೊಂದಾಗಿ ತಿಳಿಯಿತು. ನನ್ನ ಟೇಪಿನ ಹಳೆಯ ಅಡಾಪ್ಟರ್ ಸುಟ್ಟಾಗ ಸಂತೆಯಲ್ಲಿ ಸಿಕ್ಕ ಅಗ್ಗದ್ದೊಂದನ್ನು ತಂದು ಹಾಕಿದ್ದೆ. ಅದರಿಂದ ಒಂದು ಚುರುಕಾದ ಸಿಳ್ಳು ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ನನ್ನ ಬಂಗಾರದ ಮೌನದಲ್ಲಿ ಮೊದಲಿನಿಂದ ಕೊನೆಯವರೆಗೂ ಅದೇ ತುಂಬಿತ್ತು. ಅದನ್ನೇ ಇವರು ನನ್ನ ಎಳೆ ಎಂದು ಹೆಸರಿಟ್ಟು, ಮರ್ಯಾದೆ ಕೊಟ್ಟು, ಮುಟ್ಟದೆ ಬಿಟ್ಟಿದ್ದರು. ಯುರೋಪಿನವನು ಮೆಚ್ಚಿ ಹಂಚಿದ್ದೂ ಅದನ್ನೇ. ಮನೆಗೆ ಬಂದು ಗಂಡನನ್ನು ಕೇಳಿದೆ.

"ಕೇಳಸ್ತಿತ್ತಲ್ಲ, ಕಿವಿ ಚುಚ್ಚೂ ಹಂಗ" ಎಂದರು ಅವರು. "ಅದ ನಿನ್ನ ಸಂಗೀತ ಅಂತ ತಿಳದಿದ್ದೆ. ನೀ ಹಾಕಿದಾಗೊಮ್ಮೆ ನಾ ಕಟ್ಟಿ ಮ್ಯಾಲೆ ಹೋಗಿ ಕೂಡ್ತಿದ್ದೆ."

ಬೇರೆ ಯಾವ ಹಾಡುಗಾರ್ತಿಗಾದರೂ ಹೀಗಾಗುತ್ತಿತ್ತೇ? ಭಜನಾ ಮಂಡಳಿಯ ಮೈಕು ಕೀ ಎಂದರೆ ಬೀದಿಯ ನಾಯಿಯೂ ಬೊಗಳಿ ತಿಳಿಸುತ್ತದೆ. ನಮ್ಮ ಈ ಸಂಗೀತದಲ್ಲಿ ಮಾತ್ರ ಹೀಗಾಗಲು ಸಾಧ್ಯ.

ಹುಬ್ಬಳ್ಳಿಯ ಕಿವಿ ಡಾಕ್ಟರು ನನ್ನನ್ನು ಗಾಜಿನ ಗೂಡಿನೊಳಗೆ ಕೂರಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಿರಿ ಎಂದರು. ಒಂದಿಷ್ಟು ಹೊತ್ತು ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಗಾಜಿನಾಚೆ ಡಾಕ್ಟರು ಇನ್ನೂ ಏನೋ ತಿರುಗಿಸುತ್ತಲೇ ಇದ್ದರು, ನನ್ನ ಕೈಯನ್ನೇ ನೋಡುತ್ತಿದ್ದರು. ಸದ್ದು ಬರುತ್ತಿದೆ, ನನಗೆ ಬರುತ್ತಿಲ್ಲ ಎಂದು ತಿಳಿಯಿತು. ಕೇಳದಿದ್ದರೂ ಒತ್ತಿಬಿಡೋಣವೇ ಎನಿಸಿತು. ಸುಳ್ಳು ಸಾಕ್ಷಿ ಹೇಳುವವರು ಯಾಕೆ ಹೇಳುತ್ತಾರೆಂದು ನನಗೆ ಆವತ್ತು ಅರ್ಥವಾಯಿತು.

ಕೆಳಗಿನ ಸದ್ದುಗಳು ಚೆನ್ನಾಗಿವೆ, ಮೇಲಿನವು ಹೋಗಿವೆ ಎಂದರು. ಗಂಡಸರ ದನಿ, ಮೋಟಾರು, ಗುಡುಗು ಸರಿ. ಸಣ್ಣ ಹಕ್ಕಿ, ಜೀರುಂಡೆ, ಸೀಟಿ, ಸಣ್ಣ ದನಿಯ ಹೆಂಗಸರ ಮಾತಿನ ಅರ್ಧ, ಇವು ಹೋಗಿವೆ. ವಂಶದಲ್ಲಿ ಇದ್ದಿರಬಹುದು. ಅಪ್ಪ ಟೇಪ್ ಬಂದ್ ಮಾಡಲು ಮರೆಯುತ್ತಿದ್ದುದು ನೆನಪಾಯಿತು. ಮರೆಯುತ್ತಿದ್ದರೋ, ಅದು ಓಡುತ್ತಿರುವುದು ಅವರಿಗೆ ಕೇಳುತ್ತಿರಲಿಲ್ಲವೋ?

"ಇದು ಇಲ್ಲಿಗೇ ನಿಲ್ತದೇನ್ರಿ?" ಎಂದು ಕೇಳಿದೆ.

"ಮೇಲಿಂದ ಕೆಳಗೆ ಇಳೀತದ್ರಿ. ನಿಧಾನ ಇಳೀಬಹುದು" ಎಂದರು ಡಾಕ್ಟರು.

ಕಿವಿಗೆ ಹಾಕುವ ಯಂತ್ರ ಕೊಟ್ಟರು. ಕೋರ್ಟಿನಲ್ಲಿ ಉಪಯೋಗವಾಯಿತು. ನ್ಯಾಯಾಧೀಶೆ ಮಾತು ನುಂಗುವುದನ್ನು ಒಮ್ಮೆಲೇ ಬಿಟ್ಟರು! ಆದರೆ ಅದನ್ನು ಹಾಕಿಕೊಂಡು ಕ್ಯಾಸೆಟ್ ಕೇಳಿದರೆ ಎಲ್ಲವೂ ತಗಡಿನ ಡಬ್ಬಿಯೊಳಗೆ ಕಲ್ಲು ಅಲುಗಿಸಿದಂತೆ. ಎಳೆ ಎಂಬ ಆ ಸಿಳ್ಳು ಆಗಲೂ ಸರಿಯಾಗಿ ಸಿಗಲಿಲ್ಲ, ಏನೋ ಚುರುಚುರು ಅಂದದ್ದಷ್ಟೇ. ಯಂತ್ರ ಕಿತ್ತು ಮೇಜಿನ ಮೇಲಿಟ್ಟೆ.

ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಆ ಮೂವರ ಮೇಲೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಒಂದು ಕೆಟ್ಟ ಅಡಾಪ್ಟರಿನ ಮುಂದೆ ಕಣ್ಣು ಮುಚ್ಚಿ ಕೂತು ತಲೆದೂಗಿದರಲ್ಲ, ಒಬ್ಬರಾದರೂ "ವಕೀಲ್ರ, ಇದೇನಿದು" ಎನ್ನಬಾರದಿತ್ತೇ? ಹಾಗೆ ಕೇಳಬಾರದೆಂಬ ಕಟ್ಟುಪಾಡನ್ನು ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವಳು ನಾನೇ ಎಂಬುದು ಸಿಟ್ಟಿಗೆ ಇನ್ನಷ್ಟು ಎಣ್ಣೆ ಹೊಯ್ದಿತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಹೊಲ, ಮನೆ, ವಕಾಲತ್ತು ಎಲ್ಲವೂ ಹಂಚಿಕೆಯ ಆಸ್ತಿ. ಈ ಕಿವಿ ಒಂದೇ ನನ್ನ ಸ್ವಯಾರ್ಜಿತ ಎಂದುಕೊಂಡಿದ್ದೆ. ಅದು ಈಗ ಮೇಲಿನಿಂದ ಒಂದೊಂದೇ ಮೆಟ್ಟಿಲು ಕಳೆದುಕೊಳ್ಳುತ್ತಿದೆ, ನಾನು ಮಾಡಿದ್ದೆಂದು ಎದೆಯುಬ್ಬಿಸಿಕೊಂಡ ಒಂದೇ ಒಂದು ಕೆಲಸ ನಾನು ಮಾಡಿದ್ದೇ ಅಲ್ಲ. ಇನ್ನು ಯಾವ ಮುಖದಿಂದ ಪದರು ಹಾಕುವುದು?

ಆಗ ಸರದಿ ನನ್ನದಿತ್ತು. ಕ್ಯಾಸೆಟ್ ನನ್ನ ಮೇಜಿನ ಮೇಲೇ ಉಳಿಯಿತು. ಚಳಿ ಮುಗಿಯಿತು, ಯುಗಾದಿ ಹೋಯಿತು. ಹಾನಗಲ್ಲಿನಾಕಿಯ ಫೋನು ಎತ್ತಲಿಲ್ಲ. ನಾಲ್ಕು ಊರಿನ ಸುತ್ತು ನನ್ನಲ್ಲಿ ಬಂದು ನಿಂತುಹೋಯಿತು. ಅಡಾಪ್ಟರನ್ನು ಕಸಕ್ಕೆ ಎಸೆದೆ. ಗಂಡ ಅದನ್ನು ಎತ್ತಿ ತಂದು ಮತ್ತೆ ಅಲ್ಲೇ ಇಟ್ಟರು. ಅವರು ಯಾವುದನ್ನೂ ಎಸೆಯುವವರಲ್ಲ.

ಬೇಸಿಗೆ ರಜೆಗೆ ಕೋರ್ಟು ಮುಚ್ಚುವ ಮುಂಚೆ ಒಂದು ದಿನ ಅಬಲೂರಿನವರು ಬಂದರು. ಕಕ್ಷಿದಾರರ ಬೆಂಚಿನ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ತಮ್ಮದೂ ಒಂದು ಕೇಸಿದೆ ಎಂಬಂತೆ ಕೂತಿದ್ದರು. ನಾನು ನೋಡಿಯೂ ನೋಡದವಳಂತೆ ಒಳಗೆ ಹೋದೆ. ಊಟದ ಹೊತ್ತಿಗೆ ಹೊರಗೆ ಬಂದರೆ ಅಲ್ಲೇ ಇದ್ದರು.

"ಏನ್ರಿ ಅಣ್ಣಾರ, ಜಗಳಕ್ಕ ಬಂದೀರೇನು?" ಎಂದೆ.

"ಜಗಳಾ ಯಾಕ್ರಿ? ನಿಮ್ಮದೊಂದು ಸಾಮಾನ ನಮ್ಮ ಕಡೆ ಉಳದಿತ್ರಿ. ಕೊಟ್ಟು ಹೋಗೂಣು ಅಂತ ಬಂದೆ."

ಕೈಚೀಲದಿಂದ ಒಂದು ಕ್ಯಾಸೆಟ್ ತೆಗೆದರು. ಅದರ ಹಿಂದೆ ಬಂಕಾಪುರಕ್ಕೆ ತಂದಿದ್ದ ಆ ಮುಳ್ಳಿನ ಟೇಪ್ ಬಂತು. "ಇದನ್ನ ಸವಣೂರವ್ರು ಕೊಟ್ಟಾರ್ರಿ. ನಿಮ್ಮ ಹಂತ್ಯಾಕ ಇರಲಿ ಅಂದ್ರು. ಮುಳ್ಳೈತಲ್ರಿ, ಉಪಯೋಗ ಬೀಳತೈತಿ."

"ಅಣ್ಣಾರ, ಅದು ನಾ ಮಾಡಿದ್ದಲ್ರಿ. ಅಡಾಪ್ಟರ್ ಮಾಡಿದ್ದು."

"ನಾನೇನು ಸ್ಟಾರ್ಟರ್ ಹುಟ್ಟಿಸೇನೇನ್ರಿ?" ಎಂದರು. "ಬಾಜೂಕ ಕುಂತೇನಿ, ಅಷ್ಟ. ನೀವೂ ಬಾಜೂಕ ಕುಂತಿದ್ರಿ."

ಅವರೇ ಮುಂದುವರಿಸಿದರು. ಸವಣೂರಿನವರು ಒಂದು ಟೇಪಿನ ಮೋಟಾರು ಬಿಚ್ಚಿ ಅರ್ಧ ವೇಗಕ್ಕೆ ಇಳಿಸಿದ್ದಾರೆ. ತಮ್ಮ ಬಳಿ ನಕಲು ಇಟ್ಟುಕೊಂಡಿದ್ದ ನನ್ನ ಮೊದಲ ಖಾಲಿ ಮಗ್ಗುಲನ್ನು ಅದರಲ್ಲಿ ನಿಧಾನ ಓಡಿಸಿ, ಇನ್ನೊಂದು ಕ್ಯಾಸೆಟ್ಟಿಗೆ ಹಿಡಿದಿದ್ದಾರೆ. ಹಾಗೆ ಮಾಡಿದರೆ ಸದ್ದು ಕೆಳಗೆ ಇಳಿಯುತ್ತದೆ, ಹೆಂಗಸಿನ ದನಿ ಗಂಡಸಿನದಾದಂತೆ. ಆ ಪ್ರತಿಯನ್ನು ಮತ್ತೊಮ್ಮೆ ಅರ್ಧ ವೇಗಕ್ಕೆ ಇಳಿಸಿದ್ದಾರೆ. ಹಾನಗಲ್ಲಿನಾಕಿ ನನ್ನ ಡಾಕ್ಟರ ಚೀಟಿಯ ಫೋಟೋವನ್ನು ನನ್ನ ಗಂಡನಿಂದ ತರಿಸಿಕೊಂಡು, ಎಲ್ಲಿಯವರೆಗೆ ನನಗೆ ಕೇಳುತ್ತದೆಂದು ನೋಡಿ ಹೇಳಿದ್ದಾಳೆ. ನನ್ನ ಬೆನ್ನ ಹಿಂದೆ ಇಷ್ಟೆಲ್ಲ ನಡೆದಿತ್ತು.

"ಡಾಕ್ಟರು ಇನ್ನೂ ಇಳೀತದ ಅಂದಾರ್ರಿ" ಎಂದೆ. ನನ್ನ ದನಿ ನಡುಗಿತು. ಕೋರ್ಟಿನ ಅಂಗಳದಲ್ಲಿ ನನ್ನ ದನಿ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ.

"ಇಳೀಲ್ರಿ. ಅದು ಇಳದಂಗ ನಾವೂ ಇಳಸ್ತೇವಿ." ಅಬಲೂರಿನವರು ಎದ್ದು ಚೀಲ ಕೊಡವಿದರು. "ಕೆಳಗ ಭಾಳ ಜಾಗಾ ಐತ್ರಿ ವಕೀಲ್ರ. ನಾ ಪಂಪಿನ ಮನ್ಯಾಗ ದಿನಾ ಅಲ್ಲೇ ಇರ್ತೇನಿ."

ಹಿರೇಕೆರೂರಿನ ಬಸ್ಸಿಗೆ ಹೊತ್ತಾಯಿತೆಂದು, ಚಹಾ ಕೂಡ ಕುಡಿಯದೆ ಹೋದರು.

ರಜೆಯ ಮೊದಲ ಮಧ್ಯಾಹ್ನ ಮಾಳಿಗೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಿವಿಯ ಯಂತ್ರ ತೆಗೆದಿಟ್ಟೆ. ಕ್ಯಾಸೆಟ್ ಹಾಕಿದೆ. ಮುಳ್ಳು ಎದ್ದಿತು, ಅದರ ಜೊತೆಗೇ ಸದ್ದೂ ಬಂತು. ಶ್ರುತಿ ಪೆಟ್ಟಿಗೆಯ ಒಂದೇ ಸ್ವರವನ್ನು ಹಿಡಿದು ಬಿಡದೆ ಒತ್ತಿದಂಥ ಸದ್ದು, ಆದರೆ ಅಷ್ಟು ಸಪಾಟು ಅಲ್ಲ. ಕೆಳಗೆ ಫ್ರಿಜ್ ಚಾಲೂ ಆದಾಗ ಕರೆಂಟು ಕುಸಿಯುತ್ತದಲ್ಲ, ಆಗ ಅದೂ ಸ್ವಲ್ಪ ಕುಸಿದು ಮತ್ತೆ ಏಳುತ್ತಿತ್ತು. ನಮ್ಮ ಮನೆ ಉಸಿರಾಡುವುದು ಅದರಲ್ಲಿತ್ತು. ಚೆಂದವಿತ್ತು. ನನ್ನದಲ್ಲದಿದ್ದರೂ ಚೆಂದವಿತ್ತು. ಅಬಲೂರಿನವರು ಇದನ್ನು ಹಿಡಿದುಕೊಂಡು ಕೂರಲು ಕಲಿತರೆಂದರೆ ಸುಮ್ಮನಲ್ಲ. ನಾನು ಅತ್ತೆ.

ಅಳು ಮುಗಿದು ಮೂಗು ಒರೆಸಿಕೊಳ್ಳುವಾಗ ಕ್ಯಾಸೆಟ್ಟಿನಲ್ಲಿ ಗಂಟೆ ಬಾರಿಸಿತು.

ದೊಡ್ಡ ಗುಡಿಯ ಗಂಟೆಯಂಥದ್ದು. ಢಣ್ ಎಂದು ಬಹಳ ಹೊತ್ತು ಗುನುಗಿತು. ಮತ್ತೊಮ್ಮೆ ಢಣ್. ಸ್ವಲ್ಪ ಬಿಟ್ಟು ಮತ್ತೊಂದು, ಮೊದಲಿನದಕ್ಕಿಂತ ಮೆಲ್ಲಗೆ. ಆಮೇಲೆ ಏನೂ ಇಲ್ಲ, ಎಳೆ ಮಾತ್ರ. ಆ ಮೂವರು ಯಾರೂ ಇದರ ಮೇಲೆ ಏನೂ ಹಾಕಿರಲಿಲ್ಲ, ನಾನಂತೂ ಗಂಟೆ ಬಾರಿಸಿರಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಕೆಳಗಿನಿಂದ ಗಂಡನನ್ನು ಕೂಗಿ ಕರೆದೆ. ಅವರು ಬಂದು ನಿಂತು, ತಲೆ ಓರೆ ಮಾಡಿ ಕೇಳಿದರು.

"ಇದು ನಾನಲ್ಲೇನು?" ಎಂದರು. "ಚಹಾ ಇಟ್ಟಾಗ ಲೋಟಕ್ಕ ಚಮಚ ಬಡೀತಿದ್ದೆ. ಜೋರಾಗಿ ಕರದ್ರ ನಿನ್ನ ರೆಕಾರ್ಡಿಂಗ್ ಕೆಡ್ತದ ಅಂತ ಮೆಲ್ಲಕ ಟಣ್ ಟಣ್ ಮಾಡಿ, ನೀ ಓ ಅಂತೀಯೇನು ಅಂತ ನಿಂತು, ಮತ್ತೊಮ್ಮೆ ಬಡದು ಹೋಗ್ತಿದ್ದೆ."

"ಪ್ರತೀ ಸಲ?"

"ಮತ್ತ, ತಿಳಿಸೀನಿ ಅಂತ ಹೇಳ್ತಿದ್ನಲ್ಲ."

ಸ್ಟೀಲ್ ಲೋಟದ ಸಣ್ಣ ಟಣತ್ಕಾರ. ಮೇಲಿನ ಸದ್ದು, ನನ್ನ ಕಿವಿಯಿಂದ ಮೊದಲು ಹೋದವುಗಳಲ್ಲಿ ಒಂದು. ಎಲ್ಲರೂ ಎದ್ದು ಹೋದ ಮೇಲೆ ಉಳಿಯುವ ಸದ್ದನ್ನು ಹುಡುಕುತ್ತ ನಾನು ಆ ಕೋಣೆಯಲ್ಲಿ ಕೂತಿದ್ದಾಗ, ಎದ್ದು ಹೋಗದ ಒಬ್ಬರು ಬಾಗಿಲಾಚೆ ನಿಂತು ಚಮಚ ಹಿಡಿದು ಕಾಯುತ್ತಿದ್ದರು.

ಅವರು ಕೆಳಗೆ ಹೋದರು. ನಾನು ಬಾಗಿಲು ಮುಚ್ಚಲಿಲ್ಲ. ನನ್ನ ಸರದಿಯ ಕ್ಯಾಸೆಟ್ಟನ್ನು ಮುಳ್ಳಿನ ಟೇಪಿಗೆ ಹಾಕಿದೆ. ಅದಕ್ಕೆ ಸೆಲ್ಲೇ ಸಾಕಾಗಿತ್ತು, ಆದರೂ ಗಂಡ ಎತ್ತಿಟ್ಟಿದ್ದ ಅದೇ ಅಡಾಪ್ಟರನ್ನು ಸಿಕ್ಕಿಸಿದೆ. ರೆಕಾರ್ಡ್ ಒತ್ತಿ, ಗೋಡೆಗೆ ಮುಖ ಮಾಡಿ, ಕಿಂಡಿಯನ್ನೇ ನೋಡುತ್ತ ಕೂತೆ. ಮುಳ್ಳು ಅರ್ಧಕ್ಕೆ ಎದ್ದು ಅಲುಗದೆ ನಿಂತಿತ್ತು. ನನಗೇನೂ ಕೇಳುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮುಳ್ಳು ಒಮ್ಮೆಲೇ ಎಗರಿತು. ಮತ್ತೊಮ್ಮೆ ಎಗರಿತು.

"ಓ" ಎಂದೆ, ತಿರುಗಿದೆ. ಹೊಸ್ತಿಲಲ್ಲಿ ಅವರು ಲೋಟ ಹಿಡಿದು ನಿಂತಿದ್ದರು, ಚಹಾದಿಂದ ಇನ್ನೂ ಹಬೆ ಏಳುತ್ತಿತ್ತು.